ನಯವಾದ ಗೆರೆ

ಬನಹಟ್ಟಿಯ ನಮ್ಮ ಮನೆಯ ಗೋಡೆಗೆ ಪಕ್ಕದವರ ಪವರ್‌ಲೂಮಿನ ಗೋಡೆ ಅಂಟಿಕೊಂಡಿದೆ. ಅಲ್ಲಿಂದ ಬರುವ ಹತ್ತಿಯ ಧೂಳು ನನ್ನ ಹೆಂಡತಿಯ ಉಸಿರಿಗೆ ಆಗಿಬರಲಿಲ್ಲ. ಡಾಕ್ಟರು ಹೇಳಿದರೆಂದು ಹಿಪ್ಪರಗಿಯ ತವರಿಗೆ ಹೋದವಳು ಇನ್ನೂ ಅಲ್ಲೇ ಇದ್ದಾಳೆ; ರವಿವಾರಕ್ಕೊಮ್ಮೆ ನಾನೇ ಹೋಗಿ ನೋಡಿ ಬರುತ್ತೇನೆ. ಮನೆಯ ಗಾಳಿ ಸುಧಾರಿಸಿದೆಯೆಂದು ನಾನು ಹೇಳಿದ ದಿನ ಬರುತ್ತಾಳಂತೆ. ನಾನು ಜಮಖಂಡಿಯ ಕಾಲೇಜಿನಲ್ಲಿ ಗಣಿತ ಕಲಿಸುವವನು. ಮೂಸಿ ನೋಡಿ ಹೇಳಿದರೆ ಅವಳು ನಂಬುವವಳಲ್ಲ.

ಗೋಡೆಯ ಸಂದು ಮುಚ್ಚಿಸಿದೆ, ಕಿಟಕಿಗೆ ದಪ್ಪ ಬಟ್ಟೆ ಬಿಗಿಸಿದೆ. ಆಮೇಲೆ ಪಡಸಾಲೆಯಲ್ಲಿ ಒಂದು ಲೇಸರ್ ದೀಪ, ಅದರ ಸುತ್ತ ಬೆಳಕು ಅಳೆಯುವ ಸಾಧನ ಇಟ್ಟುಕೊಂಡು ಕೂತೆ. ಗಾಳಿಯ ಕಣಗಳು ಬೆಳಕನ್ನು ಚೆದುರಿಸುತ್ತವೆ; ಯಾವ ಕೋನದಲ್ಲಿ ಎಷ್ಟು ಚೆದುರಿತೆಂಬುದರಿಂದ ಕಣಗಳ ಗಾತ್ರವನ್ನು ಹಿಂದಕ್ಕೆ ಲೆಕ್ಕ ಹಾಕಬೇಕು. ಈ ಹಿಂದಕ್ಕೆ ಹೋಗುವ ಲೆಕ್ಕ ಬಲು ಹಟಮಾರಿ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಉತ್ತರ ಹುಚ್ಚೆದ್ದು ಕುಣಿಯುತ್ತದೆ. ಲಗಾಮು ಹಾಕಲು ನಾವೇ ಒಂದು ಸಂಖ್ಯೆ ಸೇರಿಸುತ್ತೇವೆ. ಅದನ್ನು ಏರಿಸಿದಷ್ಟೂ ಉತ್ತರ ತೋರಿಸುವ ನಕ್ಷೆಯ ಗೆರೆ ನಯವಾಗುತ್ತದೆ. ಜೊತೆಗೆ ನಿಜವಾದ ಉಬ್ಬುಗಳೂ ಅಳಿಸಿಹೋಗುತ್ತವೆ. ಎಷ್ಟು ಏರಿಸಬೇಕೆಂದು ಆರಿಸುವವನು ನಾನೇ. ಒಬ್ಬನೇ ಕೂತು ಉಣ್ಣುವವನ ಕೈಗೆ ಇಂಥ ಅಧಿಕಾರ ಕೊಡಬಾರದು.

ತೀರ ಸಣ್ಣ ಕಣಗಳ ಜಾಗದಲ್ಲಿ ದಿನವೂ ಒಂದು ಉಬ್ಬು ಬರುತ್ತಿತ್ತು. ಎದೆಯ ಆಳಕ್ಕೆ ಇಳಿಯುವುದು ಅವೇ. ಅಮಾವಾಸ್ಯೆಯ ದಿನ ಅಳೆದಾಗ ಅದು ಕುಗ್ಗಿತ್ತು. ಸಂಖ್ಯೆಯನ್ನು ತುಸು ಏರಿಸಿದೆ, ಪೂರ್ತಿ ಹೋಯಿತು. ಬಿಕೋ ಎನ್ನುವ ಮನೆಯಲ್ಲಿ ನನಗೆ ಸಾಕುಸಾಕಾಗಿತ್ತು. ಫೋನ್ ಮಾಡಿದೆ.

“ಗಾಳಿ ಛಲೋ ಆಗೇತಿ. ಬಂದುಬಿಡು,” ಎಂದೆ.

ಅವಳು ಕೇಳಿದಳು: “ಮಗ್ಗದ ಸಪ್ಪಳನ ಕೇಳವಲ್ದಲ್ರಿ. ಇವತ್ತ ಅಮಾಸಿ ಅಲ್ಲೇನ್ರಿ?”

ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ ಪೂಜೆ ಮಾಡುವುದು ನಮ್ಮ ಓಣಿಯ ರೂಢಿ. ನನಗೆ ಗೊತ್ತಿರಲಿಲ್ಲವೆಂದಲ್ಲ.

“ಹೌದು,” ಎಂದೆ.

“ನಾಳೆ ಮಗ್ಗ ಚಾಲೂ ಆದಮ್ಯಾಲ ಇನ್ನೊಮ್ಮೆ ನೋಡ್ರಿ. ನನಗೂ ಬರಬೇಕನಸ್ತೈತ್ರಿ.”

ಮರುದಿನ ಬೆಳಿಗ್ಗೆ ಮಗ್ಗಗಳು ಶುರುವಾದವು. ಉಬ್ಬು ಮತ್ತೆ ಬಂತು. ಸಂಖ್ಯೆ ಏರಿಸಲು ಕೈ ಬರಲಿಲ್ಲ. ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ, ಫೋನ್ ಹಚ್ಚಿ ಪಕ್ಕದವರ ಗೋಡೆಯ ಕಡೆ ಹಿಡಿದೆ. ಸಪ್ಪಳ ಕೇಳಿಸಿರಬೇಕು. ಗಾಳಿಯ ಮಾತು ಅವಳು ಎತ್ತಲಿಲ್ಲ.

“ಖಡಕ್ ರೊಟ್ಟಿ ಮುಗದಿರಬೇಕಲ್ರಿ,” ಎಂದಳು. “ರವಿವಾರ ಬಂದಾಗ ಇನ್ನಷ್ಟು ಕಟ್ಟಿಕೊಡ್ತೀನಿ.”