ವರ್ಲಿಯ ಕೆರೆಹೂಳು

ಮುಂಬಯಿಯ ಸಯನ್ನಿನ ಚಾಳಿನ ಅಣವೀರಪ್ಪ ಕಾಲೇಜೊಂದರ ಭೂವಿಜ್ಞಾನದ ಲ್ಯಾಬಿನಲ್ಲಿ ಕಲ್ಲು ಕುಟ್ಟಿ ಪುಡಿ ಮಾಡುತ್ತಿದ್ದ. ೧೯೭೩ರಲ್ಲಿ ವರ್ಲಿಯ ಬಿಲ್ಡಿಂಗೊಂದರ ಪಾಯ ತೋಡುವಾಗ ಕೋಟ್ಯಂತರ ವರ್ಷಗಳ ಹಿಂದಿನ ಕೆರೆಯ ಹೂಳು, ಕಲ್ಲಾಗಿದ್ದದ್ದು, ಒಂದು ಹಿಡಿ ಸಿಕ್ಕಿತು. ಅದರಲ್ಲಿ ಯಾವ ಖನಿಜಗಳಿವೆಯೆಂದು ಪ್ರೊಫೆಸರು ನೋಡಬೇಕಿತ್ತು. ದಸರೆಗೆ ಆಯುಧ ಪೂಜಿಸುವ ಖಂಡೆಪೂಜೆಯಲ್ಲಿ ಕಬ್ಬಿಣದ ಒರಳಿಗೆ ಬಳಿದ ವಿಭೂತಿಯನ್ನು ಅಣವೀರಪ್ಪ ಒರೆಸಿರಲಿಲ್ಲ. ಪೂಜೆ ಮಾಡಿದ್ದನ್ನು ಯಾರಾದರೂ ಒರೆಸುತ್ತಾರೆಯೇ? ಹೂಳನ್ನೆಲ್ಲ ಅದರಲ್ಲೇ ಕುಟ್ಟಿದ.

"ಕೆರೆ ತುಂಬ ಸುಣ್ಣ!" ಎಂದು ಪ್ರೊಫೆಸರು ಹಿಗ್ಗಿದರು.

ಅಣವೀರಪ್ಪ ಒರಳಿನೊಳಗೆ ಇಣುಕಿದ. "ಸಾಹೇಬ್ರ, ಆ ಸುಣ್ಣ ನನ್ನ ವಿಭೂತಿದ್ರಿ. ವಿಭೂತಿಗಟ್ಟಿಯೊಳಗ ಸುಣ್ಣ ಇರತೈತ್ರಿ."

ಇನ್ನೊಂದು ಹಿಡಿ ಹೂಳಿಗಾಗಿ ಇಬ್ಬರೂ ವರ್ಲಿಗೆ ಓಡಿದರು. ಪಾಯದ ಮೇಲೆ ಆಗಲೇ ಎರಡು ಮಹಡಿ ಎದ್ದಿದ್ದವು. ಅಣವೀರಪ್ಪ ಕುಕ್ಕುರುಗಾಲಲ್ಲಿ ಕೂತು ಕಾಂಕ್ರೀಟನ್ನು ಅಂಗೈಯಿಂದ ತಟ್ಟಿದ.

"ಇಲ್ಲೇ ಕೆಳಗ ಐತಲ್ರೀ ಸಾಹೇಬ್ರ, ಇಲ್ಲೇ ಐತಿ!"