ಆಸ್ಪತ್ರೆಗೆಂದು ಮಾಡಿದ ಸ್ನಾನ

ಮ್ಯಾನ್‌ಹೋಲಿಗೆ ಇಳಿಯುವವರ ಗುಂಪಿನಲ್ಲಿ ಅವನಿಗೆ ಸೆಂಟಣ್ಣ ಎಂದೇ ಹೆಸರು. ಕೆಲಸ ಮುಗಿದ ಮೇಲೆ ಎರಡು ಸಲ ಸೋಪು ಹಚ್ಚಿ ಮೀಯುತ್ತಿದ್ದ, ಕಾಲರಿಗೆ ಸೆಂಟು ಸವರಿಕೊಳ್ಳುತ್ತಿದ್ದ. "ಮದುವೆ ಗಂಡು ಹೊರಟ, ದಾರಿ ಬಿಡ್ರಪ್ಪ" ಎಂದು ಜೊತೆಯವರು ರೇಗಿಸಿದರೆ, "ಬಸ್ಸಲ್ಲಿ ಪಕ್ಕದ ಸೀಟು ಖಾಲಿ ಉಳೀಬಾರದು ನೋಡು, ಅಷ್ಟಕ್ಕೇ" ಎನ್ನುತ್ತಿದ್ದ.

ಕೆಮ್ಮು ಹತ್ತಿ ಮೈ ಇಳಿಯತೊಡಗಿದಾಗ ಹೆಂಡತಿ ಹಟ ಹಿಡಿದು ಸರ್ಕಾರಿ ಆಸ್ಪತ್ರೆಗೆ ಕಳಿಸಿದಳು. ಕೆಲಸ ಏನೆಂದು ಕೇಳಿದ್ದಕ್ಕೆ ನಿಜ ಹೇಳಿದ. ನರ್ಸಮ್ಮ ಮೂಗಿಗೆ ಕರ್ಚೀಫು ಹಿಡಿದು, "ಹೊರಗಡೆ ಕೂತ್ಕೊ, ಕೊನೇಲಿ ಕರೀತೀನಿ" ಎಂದರು. ಅವನ ಸರದಿ ಬರುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು.

ಎರಡನೇ ಸಲ ತಯಾರಾಗಿಯೇ ಹೋದ. ಉಜ್ಜಿ ಉಜ್ಜಿ ಮಿಂದ, ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಸಾಲಿನಲ್ಲಿ ಕೆಮ್ಮಿದರೆ ಜನ ದೂರ ಸರಿದಾರೆಂದು ಕೆಮ್ಮಿನ ಸಿರಪ್ಪನ್ನು ಬಾಟಲಿಯಿಂದಲೇ ಗುಟುಕರಿಸಿದ. ಡಾಕ್ಟರು ಕೇಳಿದಾಗ "ತೋಟದ ಮಾಲಿ" ಎಂದ. ಅವರೆದುರು ಕೂತಷ್ಟು ಹೊತ್ತೂ ಒಮ್ಮೆಯೂ ಕೆಮ್ಮಲಿಲ್ಲ. ಹೂವಿನ ಧೂಳಿನ ಅಲರ್ಜಿ ಇರಬೇಕೆಂದು ಅವರು ಮಾತ್ರೆ ಕೊಟ್ಟರು. ಮುಖ ನೋಡಿ ಮಾತಾಡಿಸಿದರಲ್ಲ ಎಂಬ ಖುಷಿಯಲ್ಲಿ ಅವನು ಮನೆಗೆ ಬಂದ.

"ಮಾಲಿಯಂತೆ ಮಾಲಿ. ಒಂದು ಗಿಡಕ್ಕೆ ನೀರು ಹಾಕಿದ್ದು ನಾ ಕಾಣೆ" ಎಂದಳು ಹೆಂಡತಿ. "ಇದ್ದದ್ದು ಇದ್ದ ಹಾಗೆ ಹೇಳೋಕೆ ಏನಾಗಿತ್ರೀ?"

"ಹೋದ ಸಲ ಹೇಳಿದ್ದಕ್ಕೇ ತಾನೇ ಹೊರಗೆ ಕೂರಿಸಿದ್ದು?"

ಅವಳು ಮಾತ್ರೆ, ನೀರು ತಂದು ಅವನ ಮುಂದಿಟ್ಟಳು.

ಮಾತ್ರೆ ಮುಗಿಯುವ ಮೊದಲೇ, ಗುಂಡಿಯೊಳಗೆ ನಿಂತು ಕೆಮ್ಮುವಾಗ ರಕ್ತ ಬಂತು. ಜೊತೆಯವರು ಮೇಲೆಳೆದುಕೊಂಡರು. ಮೈಯೆಲ್ಲ ಕೊಚ್ಚೆ, ಯಾವ ಆಟೋದವನೂ ಹತ್ತಿಸಲಿಲ್ಲ. ಹೆಗಲು ಕೊಟ್ಟು ನಡೆಸಿಕೊಂಡೇ ಆಸ್ಪತ್ರೆ ಮುಟ್ಟಿದರೆ, ಗೇಟಿನ ಕಾವಲುಗಾರ ಕೈ ಅಡ್ಡ ಹಿಡಿದ.

"ಹೀಗೇ ಒಳಗೆ ಬಂದ್ರೆ ಹೇಗಪ್ಪ? ಸ್ನಾನ ಮಾಡಿಸ್ಕೊಂಡು ಬನ್ನಿ."

ಜೊತೆಯವರು ಜಗಳಕ್ಕೇ ನಿಂತರು. ತಡೆದವನು ಸೆಂಟಣ್ಣನೇ. "ಬಿಡ್ರೋ, ಅವನು ಹೇಳೋದೂ ಸರಿ. ಮಿಂದೇ ಬರೋಣ."

ಹೆಂಡತಿ ನೀರು ಕಾಯಿಸಿದಳು. ಬಚ್ಚಲಲ್ಲಿ ಕೂತವನಿಗೆ ಚೊಂಬು ಎತ್ತಲಾಗಲಿಲ್ಲ, ಅವಳೇ ಹೊಯ್ದಳು.

"ಬೆನ್ನು ಇನ್ನೊಂದ್ಸಲ ತಿಕ್ಕೇ, ವಾಸನೆ ಹೋಗಿಲ್ಲ."

"ಹೋಗಿದೆ ಕಣ್ರೀ, ಏಳಿ."

ಅವನು ಏಳಲಿಲ್ಲ.

ಮೈ ಒರೆಸಿ, ಆ ಇಸ್ತ್ರಿ ಅಂಗಿಯನ್ನೇ ತೊಡಿಸಿ ಹೊತ್ತು ತಂದಾಗ ಕಾವಲುಗಾರ ಗೇಟು ತೆರೆದ. ಡಾಕ್ಟರು ನಾಡಿ ಹಿಡಿದು ನೋಡಿ, ಹೀಗಾಗಿ ಎಷ್ಟು ಹೊತ್ತಾಯಿತು ಎಂದು ಕೇಳಿದರು.

"ಈಗ ತಾನೇ ಸ್ನಾನ ಮಾಡಿಸಿದ್ದು ಸಾರ್" ಎಂದಳು ಅವಳು.