ಅಕ್ಕನ ಎಡ ಹುಬ್ಬು

ದೆವ್ವ, ಶಕುನ, ಮೈಮೇಲೆ ಬರುವುದು, ಇಂಥ ಮಾತು ಶುರುವಾದರೆ ನಾನು ಎದ್ದು ಹೋಗುವ ಪೈಕಿ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಇಂಥ ಕಥೆ ಹೇಳಿದ ಎಷ್ಟೋ ಜನರನ್ನು ಸ್ಟಾಫ್ ರೂಮಿನಲ್ಲಿ ಅವರ ಎದುರಿಗೇ ಆಡಿಕೊಂಡು ನಕ್ಕಿದ್ದೇನೆ. ಆದ್ದರಿಂದ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ನನಗೆ ಬೇಜಾರಿರುವುದು ಬೇರೆ ವಿಷಯಕ್ಕೆ. ಅದು ಓದುತ್ತಾ ಹೋದರೆ ತಿಳಿಯುತ್ತದೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಕುಂಬಾರಕೊಪ್ಪಲಿನ ಮನೆಗೆ ಬಂದಾಗ ಅವಳು ಆ ಮನೆಯಲ್ಲಿ ಆಗಲೇ ಪಳಗಿದ್ದಳು. ನಮ್ಮ ಅತ್ತೆಗೆ ಕಣ್ಣಿನಲ್ಲಿ ಪೊರೆ ಬಂದಿತ್ತು, ಆಪರೇಷನ್ ಎಂದರೆ ಜೀವಭಯ. ಕಿವಿ ಮಾತ್ರ ಬಲು ಚುರುಕು. ಅಡುಗೆಮನೆಯಲ್ಲಿ ನಾವು ಪಿಸುಗುಟ್ಟಿದ್ದು ಜಗಲಿಯಲ್ಲಿ ಕೂತಿದ್ದ ಅವರಿಗೆ ಕೇಳಿಸುತ್ತಿತ್ತು. ಕೇಳಿಸಿದ್ದನ್ನು ಸಂಜೆ ಗಂಡಸರು ಮನೆಗೆ ಬಂದ ಮೇಲೆ ಒಂದಕ್ಕೆರಡು ಸೇರಿಸಿ ಒಪ್ಪಿಸುತ್ತಿದ್ದರು. ಹೀಗಾಗಿ ನಾನೂ ಅಕ್ಕನೂ ಬಾಯಿ ಮುಚ್ಚಿಕೊಂಡು ಮಾತಾಡುವುದನ್ನು ರೂಢಿ ಮಾಡಿಕೊಂಡೆವು.

ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಅಕ್ಕ ತುಟಿಯನ್ನು ಒಂದು ಪಕ್ಕಕ್ಕೆ ಎಳೆಯುತ್ತಿದ್ದಳು. ಬಂದ ನೆಂಟರಿಗೆ ಕೊಡುವಷ್ಟು ಡಿಕಾಕ್ಷನ್ ಇಲ್ಲದಿದ್ದರೆ ಕಣ್ಣು ಅಗಲ ಮಾಡಿ ಒಲೆಯ ಕಡೆ ನೋಡುತ್ತಿದ್ದಳು. ಮೂಗಿನ ಹೊಳ್ಳೆ ಅರಳಿದರೆ ಭಾವನವರಿಗೆ ಸಿಟ್ಟು ಬಂದಿದೆ, ಈಗ ಹೋಗಿ ಏನೂ ಕೇಳಬೇಡ ಎಂದು ಅರ್ಥ. ಇವೆಲ್ಲ ಯಾರಿಗಾದರೂ ಬರುತ್ತವೆ, ದೊಡ್ಡ ವಿದ್ಯೆಯೇನಲ್ಲ. ಅಕ್ಕನಿಗೆ ಮಾತ್ರ ಬರುತ್ತಿದ್ದ ಒಂದು ಇತ್ತು. ಯಾರಾದರೂ ಕೂತು ತಮ್ಮ ದೊಡ್ಡಸ್ತಿಕೆ ಕೊಚ್ಚಿಕೊಳ್ಳಲು ಆರಂಭಿಸಿದರೆ, ಅವಳು ಗದ್ದವನ್ನು ಚೂರು ಒಳಗೆ ಎಳೆದುಕೊಂಡು ಎಡ ಹುಬ್ಬನ್ನು ಮೆಲ್ಲಗೆ ಮೇಲೆ ಏರಿಸುತ್ತಿದ್ದಳು. ಮುಖದ ಬೇರೆ ಯಾವ ಭಾಗವೂ ಅಲುಗುತ್ತಿರಲಿಲ್ಲ. ಶುರುವಾಯ್ತು ನೋಡು ಎಂದು ಅದರ ಅರ್ಥ. ಅಕ್ಕ ಮಾತ್ರ ನಗುತ್ತಿರಲಿಲ್ಲ. ನಾನು ನಗು ತಡೆಯಲಾರದೆ, ನೀರು ತರುತ್ತೇನೆ ಎಂದು ಹಿತ್ತಿಲಿಗೆ ಓಡುತ್ತಿದ್ದೆ.

ಆ ಹುಬ್ಬಿಗೆ ಅತಿ ಹೆಚ್ಚು ಕೆಲಸ ಕೊಟ್ಟವರು ರಾಜಶೇಖರಪ್ಪನವರು. ನಮ್ಮ ಮಾವನವರ ಕಡೆಯ ದೂರದ ಸಂಬಂಧ, ಮಠದ ಯಾವುದೋ ಸಮಿತಿಯಲ್ಲಿ ಇದ್ದವರು. ಮದುವೆಯಿರಲಿ, ಸಾವಿರಲಿ, ಎದ್ದು ನಿಂತು ನಾಲ್ಕು ಮಾತು ಆಡದೆ ಅವರಿಗೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ. ಆ ನಾಲ್ಕು ಮಾತಿನಲ್ಲಿ ಮೂರು ಅವರ ಬಗ್ಗೆಯೇ ಇರುತ್ತಿದ್ದವು.

ಅತ್ತೆ ತೀರಿಕೊಂಡ ಮೇಲೆ ನಾವು ವಿದ್ಯಾರಣ್ಯಪುರಂನಲ್ಲಿ ಬೇರೆ ಮನೆ ಮಾಡಿದೆವು. ಅಕ್ಕನೂ ನಾನೂ ಗಟ್ಟಿಯಾಗಿ ಮಾತಾಡಲು ಇನ್ನು ಯಾರ ಅಡ್ಡಿಯೂ ಇರಲಿಲ್ಲ. ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದೆವು. ಆದರೂ ಯಾವುದೇ ಗೃಹಪ್ರವೇಶಕ್ಕೋ ನಾಮಕರಣಕ್ಕೋ ಹೋದರೆ ನನ್ನ ಕಣ್ಣು ಮೊದಲು ಹುಡುಕುತ್ತಿದ್ದುದು ಅಕ್ಕ ಎಲ್ಲಿ ಕೂತಿದ್ದಾಳೆ ಎಂದು. ಅವಳ ಮುಖ ಕಾಣುವ ಹಾಗೆ ನಾನು ಕುರ್ಚಿ ಹಾಕಿಕೊಳ್ಳುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅಕ್ಕ ಹೂ ಬಿಡಿಸುತ್ತಿದ್ದವಳು ಹಾಗೇ ಕುಸಿದಳು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾವು ಹೋಗುವ ಹೊತ್ತಿಗೆ ಅವಳನ್ನು ಮನೆಗೆ ತಂದು ಕೂರಿಸಿದ್ದರು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ದಟ್ಟವಾಗಿ ವಿಭೂತಿ ಹಚ್ಚಿ, ಹಾರ ಹಾಕುತ್ತೇವೆ. ಸಮಾಧಿಗೆ ಇಳಿಸುವುದೂ ಕೂತ ಭಂಗಿಯಲ್ಲೇ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮಗೆ ಹಾಗಲ್ಲ, ಮನೆಯವರು ಇನ್ನೂ ನಮ್ಮ ನಡುವೆ ಕೂತಿದ್ದಾರೆ ಎಂದೇ ಅನ್ನಿಸುತ್ತದೆ. ನಾನು ಅಕ್ಕನ ಎದುರು ಚಾಪೆಯ ಮೇಲೆ ಕೂತೆ. ಅಕ್ಕನ ಒಬ್ಬಳೇ ಮಗಳು ಸೌಮ್ಯ ನನ್ನ ಭುಜಕ್ಕೆ ತಲೆ ಕೊಟ್ಟು ಕೂತಿದ್ದಳು. ಯಾದವಗಿರಿಯಲ್ಲಿ ಪುಟ್ಟ ಮಕ್ಕಳಿಗೆ ಪ್ಲೇ ಸ್ಕೂಲ್ ನಡೆಸುವ ಹುಡುಗಿ. ಅತ್ತೂ ಅತ್ತೂ ಅವಳಿಗೆ ಸಾಕಾಗಿತ್ತು.

ನನಗೆ ಅಳು ಬರಲಿಲ್ಲ. ಇದನ್ನು ಹೇಳಲೇಬೇಕು. ಕಣ್ಣು ಒಣಗಿತ್ತು. ಓರಗಿತ್ತಿ ಸತ್ತರೂ ಇವಳ ಕಣ್ಣಲ್ಲಿ ನೀರಿಲ್ಲ ಎಂದು ಸುತ್ತಲಿನ ಹೆಂಗಸರು ಗಮನಿಸುತ್ತಿದ್ದಾರೆ ಎಂಬ ಎಚ್ಚರವೂ ಇತ್ತು.

ಭಜನೆಯವರು ಒಂದು ಹಾಡು ಮುಗಿಸಿ ತಾಳ ಕೆಳಗಿಟ್ಟರು. ಆ ಸಮಯಕ್ಕೆ ಸರಿಯಾಗಿ ರಾಜಶೇಖರಪ್ಪನವರು ಬಂದರು. ಶಲ್ಯ ಸರಿ ಮಾಡಿಕೊಂಡು, ಅಕ್ಕನ ಪಾದಕ್ಕೆ ಹೂ ಹಾಕಿ, ಕೂತುಕೊಳ್ಳದೆ ನಿಂತೇ ಇದ್ದರು. ನನಗೆ ಗೊತ್ತಾಯಿತು. ಗಂಟಲು ಸರಿಪಡಿಸಿಕೊಂಡು ಶುರು ಮಾಡಿದರು.

“ಈ ತಾಯಿ ನಾನು ಬಂದಾಗಲೆಲ್ಲ ಕಾಲಿಗೆ ನಮಸ್ಕಾರ ಮಾಡಿ, ತಮ್ಮಂಥ ಜ್ಞಾನಿಗಳು ನಮ್ಮನೆ ಹೊಸ್ತಿಲು ತುಳಿದದ್ದೇ ನಮ್ಮ ಭಾಗ್ಯ ಅಂತಿದ್ರು.”

ಅಕ್ಕ ಅವರಿಗೆ ಒಂದು ದಿನವೂ ಹಾಗೆ ಹೇಳಿದವಳಲ್ಲ. ಅವರು ಬರುವುದು ಕಂಡರೆ ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ಹೋಗುತ್ತಿದ್ದಳು. ಮಾತು ಕಿವಿಗೆ ಬಿದ್ದ ತಕ್ಷಣ, ಇಷ್ಟು ವರ್ಷದ ಅಭ್ಯಾಸದಿಂದ ನನ್ನ ಕಣ್ಣು ಅಕ್ಕನ ಮುಖಕ್ಕೆ ಹೋಯಿತು. ಅವಳು ಸತ್ತಿದ್ದಾಳೆ ಎನ್ನುವುದು ಆ ಗಳಿಗೆಯಲ್ಲಿ ನನಗೆ ಮರೆತೇಹೋಗಿತ್ತು.

ಅಕ್ಕನ ಎಡ ಹುಬ್ಬು ಮೆಲ್ಲಗೆ ಮೇಲೇರಿತು.

ಬೇಗ ಅಲ್ಲ, ಅದುರಿದ ಹಾಗೂ ಅಲ್ಲ. ಜೀವ ಇದ್ದಾಗ ಹೇಗೆ ಏರುತ್ತಿತ್ತೋ ಹಾಗೆ. ಗದ್ದಕ್ಕೆ ಬಟ್ಟೆ ಕಟ್ಟಿದ್ದರು, ಅದು ಅಲುಗಲಿಲ್ಲ. ಅರೆ ಮುಚ್ಚಿದ ಕಣ್ಣು ಹಾಗೇ ಇತ್ತು. ಹುಬ್ಬು ಮಾತ್ರ ಮೇಲೆ ಹೋಗಿ, ಸ್ವಲ್ಪ ಹೊತ್ತು ನಿಂತು, ಇಳಿಯಿತು.

ನಾನು ನಕ್ಕುಬಿಟ್ಟೆ. ಮುಗುಳ್ನಗೆಯಲ್ಲ. ಆ ಕಾಲದಲ್ಲಿ ಹಿತ್ತಿಲಿಗೆ ಓಡಿಹೋಗಿ ನಗುತ್ತಿದ್ದೆನಲ್ಲ, ಅದೇ ನಗು, ಸಾವಿನ ಮನೆಯ ನಡುವೆ, ಜನರೆಲ್ಲ ಮೌನವಾಗಿ ಕೂತಿರುವಾಗ. ರಾಜಶೇಖರಪ್ಪನವರು ಮಾತು ನಿಲ್ಲಿಸಿದರು. ಸೌಮ್ಯ ಭುಜದಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಹಿಂದಿನಿಂದ ಒಬ್ಬ ಹೆಂಗಸು ಮತ್ತೊಬ್ಬರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: “ಎಂಗ್ ನಗ್ತಾವ್ಳೆ ನೋಡು. ಇವ್ಳೇ ಕಣಮ್ಮ, ಆ ಟೀಚರಮ್ಮ.”

ನಾನು ಸೆರಗು ಮುಖಕ್ಕೆ ಒತ್ತಿಕೊಂಡೆ. ನಗುವನ್ನು ಅಳುವಿನಂತೆ ಕೇಳಿಸಲು ಭುಜ ಕುಲುಕಿಸಿದೆ, ಜೋರಾಗಿ ಮೂಗು ಎಳೆದೆ. ಯಾರೋ ಬಂದು ಬೆನ್ನು ಸವರಿದರು, ನೀರು ಕೊಟ್ಟರು. ನನ್ನ ಗಂಡ ಅತ್ತ ಇತ್ತ ನೋಡಿ, “ಬೆಳಿಗ್ಗೆಯಿಂದ ಅಳು ತಡ್ಕೊಂಡಿದ್ಳು, ಈಗ ತಡೀಲಾರದೆ ಹಿಂಗಾಯ್ತು,” ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರು. ನಾನೂ ಅದನ್ನೇ ಹಿಡಿದುಕೊಂಡೆ. ನನ್ನ ಜೀವದ ಗೆಳತಿ ಎದುರಿಗೆ ಕೂತಿದ್ದಳು, ನಾನು ಅವಳ ಮುಂದೆ ಅಳುವ ನಾಟಕ ಆಡುತ್ತಿದ್ದೆ. ಆ ನಾಚಿಕೆ ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಸೆರಗು ತೆಗೆದು ಮತ್ತೆ ನೋಡಿದಾಗ ಅಕ್ಕನ ಮುಖ ಮೊದಲಿನಂತೆಯೇ ಇತ್ತು. ಎಡ ಹುಬ್ಬಿನ ಮೇಲೆ ವಿಭೂತಿ ಸಣ್ಣಗೆ ಬಿರುಕು ಬಿಟ್ಟು ಒಂದಿಷ್ಟು ಪುಡಿ ಕೆನ್ನೆಯ ಮೇಲೆ ಉದುರಿತ್ತು. ಆದರೆ ಒಣಗಿದ ವಿಭೂತಿ ಹಾಗೆ ಬಿರಿಯುವುದು ಸಾಮಾನ್ಯ.

ತೀರಿಕೊಂಡವರ ಹೆಸರಿನಲ್ಲಿ ಊಟ ಹಾಕುವ ಶಿವಗಣಾರಾಧನೆಯ ದಿನ ನೆಂಟರೆಲ್ಲ ಉಂಡು ಹೋದ ಮೇಲೆ ನಾನೂ ಸೌಮ್ಯನೂ ಹಿತ್ತಿಲಲ್ಲಿ ಕೂತು ಮಿಕ್ಕ ಅಡುಗೆಯನ್ನು ಡಬ್ಬಿಗಳಿಗೆ ತುಂಬುತ್ತಿದ್ದೆವು. ಪಾಯಸದ ಪಾತ್ರೆ ಬಗ್ಗಿಸುತ್ತಾ ಅವಳು ತಲೆ ಎತ್ತದೆ ಕೇಳಿದಳು.

“ಚಿಕ್ಕಮ್ಮ, ಅವತ್ತು ನೀವು ನಕ್ಕಿದ್ದಲ್ವಾ?”

“ಇಲ್ಲ ಕಣಮ್ಮ. ಅಳು ಬಂದಿದ್ದು.”

“ನನ್ನ ಮೇಲಾಣೆ ಇಟ್ಟು ಹೇಳಿ ಅನ್ನಲ್ಲ. ನಕ್ಕಿದ್ರೂ ನಂಗೇನೂ ಬೇಜಾರಿಲ್ಲ. ಅಮ್ಮನ ಮುಖ ನೋಡಿ ನಕ್ಕಿರೇನೋ ಅನ್ಕೊಂಡೆ.” ಅವಳು ಪಾಯಸದ ಕೈಯನ್ನು ಹಾಗೇ ಎತ್ತಿ, ಮಣಿಕಟ್ಟಿನಿಂದ ತನ್ನ ಎಡ ಹುಬ್ಬಿನ ಹತ್ತಿರ ಮುಟ್ಟಿಕೊಂಡಳು. “ಇಲ್ಲಿ. ನಿಮಗೇನೂ ಕಾಣಿಸ್ಲಿಲ್ವಾ?”

ನಾನು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಹುಬ್ಬು ಎಂಬ ಮಾತೇ ನನ್ನ ಬಾಯಿಂದ ಬಂದಿರಲಿಲ್ಲ. ಅವಳು ತಾನಾಗಿಯೇ, ತಾನು ಕಂಡದ್ದನ್ನು, ಕಂಡ ಜಾಗ ತೋರಿಸಿ ಕೇಳುತ್ತಿದ್ದಳು. ಹೌದು ಎಂದರೆ ಮುಗಿದಿತ್ತು. ನಾನು ಹೌದು ಎನ್ನಲಿಲ್ಲ. “ಇಲ್ವಲ್ಲ ಮಗಳೇ, ಏನು?” ಎಂದೆ. ಏನು ಎಂದು ಬೇರೆ ಕೇಳಿದೆ.

“ಏನಿಲ್ಲ ಬಿಡಿ,” ಎಂದು ಅವಳು ಡಬ್ಬಿಯ ಮುಚ್ಚಳ ಒತ್ತಿದಳು.

ಪಾಪದ ಹುಡುಗಿ ಹೆದರಿಕೊಳ್ಳಬಾರದು ಎಂದು ಹಾಗೆ ಹೇಳಿದೆ ಎಂದು ಕೆಲವು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳೇ. ಅವಳಿಗೆ ಹೆದರಿಕೆ ಇರಲಿಲ್ಲ, ಅವಳ ಮುಖದಲ್ಲಿ ಇದ್ದದ್ದು ಆಸೆ. ಮುಖ ನೋಡಿ ಮನಸ್ಸು ತಿಳಿಯುವುದರಲ್ಲಿ ಪಳಗಿದ ನನಗೆ ಅದು ಕಾಣದೆ ಇರಲಿಲ್ಲ. ಹೌದು ಎಂದರೆ ನಾನು ನಕ್ಕದ್ದನ್ನು ಒಪ್ಪಿಕೊಳ್ಳಬೇಕಿತ್ತು, ನನ್ನ ಗಂಡ ಎಲ್ಲರಿಗೂ ಹೇಳಿಕೊಂಡು ಬಂದದ್ದು ಸುಳ್ಳಾಗುತ್ತಿತ್ತು. ಸತ್ತವರ ಹುಬ್ಬು ಅಲುಗಿತು ಎಂದು ಹೇಳುವ ವಿಜ್ಞಾನದ ಟೀಚರನ್ನು ಜನ ಹೇಗೆ ಆಡಿಕೊಳ್ಳುತ್ತಾರೆ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನನ್ನ ಮಾನ ಉಳಿಸಿಕೊಂಡೆ, ಅಷ್ಟೆ.

ವಿವರಣೆಗಳನ್ನು ನಾನು ಹುಡುಕದೆ ಇಲ್ಲ. ಗದ್ದಕ್ಕೆ ಕಟ್ಟಿದ ಬಟ್ಟೆ ಸಡಿಲವಾಗಿ ಚರ್ಮ ಜರುಗಿರಬಹುದು. ಜರುಗಿದರೆ ಕೆಳಗೆ ಜರುಗಬೇಕಲ್ಲ, ಮೇಲಕ್ಕೆ ಹೇಗೆ ಹೋಗುತ್ತದೆ? ಧೂಪದ ಹೊಗೆಯಲ್ಲಿ ಹಾಗೆ ಕಂಡಿರಬಹುದು. ಅಕ್ಕನ ಹುಬ್ಬನ್ನು ನೋಡುತ್ತಲೇ ಬೆಳೆದವಳು ಸೌಮ್ಯ, ಆ ಮಾತಿಗೆ ಆ ಹುಬ್ಬು ಏಳಬೇಕು ಎಂದು ಇಬ್ಬರ ಮನಸ್ಸೂ ಕಾದಿದ್ದು ಇಬ್ಬರಿಗೂ ಒಟ್ಟಿಗೆ ಕಂಡಿರಬಹುದು. ಈ ಕೊನೆಯದನ್ನು ನಾನು ಬಹಳ ದಿನ ನೆಚ್ಚಿಕೊಂಡಿದ್ದೆ. ಆದರೆ ಆ ದಿನ ನಾನು ಏನನ್ನೂ ಕಾದಿರಲಿಲ್ಲ. ಕಣ್ಣು ಆ ಕಡೆ ಹೋಯಿತು, ಅಲ್ಲಿ ಉತ್ತರ ಇತ್ತು. ಅದಕ್ಕಿಂತ ಹೆಚ್ಚು ನನಗೆ ಹೇಳಲು ಬರುವುದಿಲ್ಲ.

ಒಂದಷ್ಟು ದಿನ ಕಳೆದ ಮೇಲೆ ಸೌಮ್ಯ ಫೋನ್ ಮಾಡಿದಳು. ಸರಸ್ವತಿಪುರಂನಲ್ಲಿ ಮನೋರೋಗದ ಡಾಕ್ಟರೊಬ್ಬರನ್ನು ನೋಡಬೇಕು, ಗಂಡನಿಗೆ ಹೇಳಿಲ್ಲ, ಒಬ್ಬಳೇ ಹೋಗಲು ಧೈರ್ಯವಿಲ್ಲ, ಜೊತೆಗೆ ಬರುತ್ತೀರಾ ಎಂದು ಕೇಳಿದಳು. “ಬೇರೆಯವರ ಮಕ್ಕಳನ್ನ ನೋಡ್ಕೊಳ್ಳೋಳು ನಾನು, ಚಿಕ್ಕಮ್ಮ. ಇಲ್ಲದ್ದೆಲ್ಲ ಕಾಣೋಕೆ ಶುರುವಾದ್ರೆ ಹೆಂಗೆ?” ಎಂದಳು. ನಾನು ಹೋದೆ. ಆಟೋದಲ್ಲಿ ದಾರಿಯುದ್ದಕ್ಕೂ ಹೇಳಿಬಿಡೋಣ ಎಂದುಕೊಂಡೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಾಗಲೂ ಅಂದುಕೊಂಡೆ. ಅವಳ ಹೆಸರು ಕರೆದರು. ತನ್ನ ಬ್ಯಾಗನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು.

ಹೊರಗೆ ಬಂದಾಗ ಅವಳ ಮುಖ ಹಗುರವಾಗಿತ್ತು. “ಗಾಬರಿ ಏನಿಲ್ವಂತೆ. ತುಂಬ ಹಚ್ಕೊಂಡೋರಿಗೆ ಒಂದೊಂದ್ಸಲ ಹಂಗೆ ಕಾಣುತ್ತಂತೆ. ಜೊತೇಲಿದ್ದೋರಿಗೆ ಯಾರಿಗಾದ್ರೂ ಕಾಣಿಸ್ತಾ ಅಂತ ಕೇಳಿದ್ರು. ಚಿಕ್ಕಮ್ಮ ಪಕ್ಕದಲ್ಲೇ ಇದ್ರು, ಅವ್ರಿಗೇನೂ ಕಾಣಿಸ್ಲಿಲ್ಲ ಅಂದೆ. ಹಂಗಾದ್ರೆ ನಿಮ್ಮ ಮನಸ್ಸಿಂದೇ ಅಂದ್ರು, ಮಾತ್ರೆ ಬರ್ಕೊಟ್ರು.”

ಮೆಡಿಕಲ್ ಸ್ಟೋರಿನಲ್ಲಿ ಜನ ಇದ್ದರು. ಪರಿಚಯದವರು ಯಾರಾದರೂ ನೋಡಿದರೆ ಎಂದು ಅವಳು ಆಟೋದಲ್ಲೇ ಕೂತಳು. ನಾನೇ ಹೋಗಿ ಮಾತ್ರೆ ತಂದೆ. ಅಂಗಡಿಯವನು ಹೇಳಿದಂತೆ, ರಾತ್ರಿ ಊಟವಾದ ಮೇಲೆ ಒಂದು, ತಪ್ಪಿಸಬಾರದು ಎಂದು ಅವಳಿಗೆ ಹೇಳಿ ಪೊಟ್ಟಣ ಕೈಗೆ ಕೊಟ್ಟೆ. ಅವಳು ನನಗೆ ಥ್ಯಾಂಕ್ಸ್ ಹೇಳಿದಳು.

ಇವತ್ತಿನವರೆಗೂ ನಾನು ಅವಳಿಗೆ ಹೇಳಿಲ್ಲ. ಇದನ್ನು ಬರೆದು ಮುಗಿಸುವ ಮೊದಲು ಹೇಳಬೇಕು ಎಂದುಕೊಂಡಿದ್ದೆ, ಅದೂ ಆಗಲಿಲ್ಲ. ಈಗ ಯಾರ ಕೈಯಿಂದಲೋ ಇದು ಅವಳಿಗೆ ಸಿಕ್ಕಿ ಓದಿದರೆ ಓದಲಿ. ಅಕ್ಕನ ಹುಬ್ಬು ಅಂದು ನಿಜವಾಗಿ ಎದ್ದಿತೋ ಇಲ್ಲವೋ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವ ಹಾಗೂ ಇಲ್ಲ. ನಾನೂ ಕಂಡೆ ಕಣಮ್ಮ ಎಂದು ಸೌಮ್ಯಳಿಗೆ ಹೇಳಲು ಒಂದು ನಿಮಿಷ ಸಾಕಿತ್ತು. ಅವಳು ಎಷ್ಟೋ ತಿಂಗಳು ಮಾತ್ರೆ ನುಂಗಿದಳು.